ಬೆಂಗಳೂರಿನಿಂದ ಶ್ರೀನಗರಕ್ಕೆ ಕಾರಲ್ಲಿ: ನಾವು ಹೊರಟ ರೀತಿ

ಬೆಂಗಳೂರಿನಿಂದ ಶ್ರೀನಗರಕ್ಕೆ ದಾರಿ ಹುಡುಕುವ ಕೆಲಸವೇ ಇಲ್ಲ. ಹೆಬ್ಬಾಳ ದಾಟಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಹೈದರಾಬಾದ್, ನಾಗ್ಪುರ, ಝಾನ್ಸಿ, ಆಗ್ರಾ, ದೆಹಲಿ, ಜಮ್ಮು ಎಲ್ಲ ಸಾಲಾಗಿ ಬರುತ್ತವೆ. ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಮನೆಯಿಂದ ಹೊರಡುವುದರ ಬಗ್ಗೆ. ಮೊದಲ ದಿನವೇ ಸುಸ್ತಾದರೆ ಮುಂದಿನ ದಿನಗಳೆಲ್ಲ ಹಾಳು.

ಲಗೇಜನ್ನು ಹಿಂದಿನ ಸಂಜೆಯೇ ತುಂಬಿದೆವು. ಭಾರದ ಬ್ಯಾಗುಗಳು ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡಂತೆ. ಹಗುರದ್ದು ಮೇಲೆ. ಸೀಟಿನ ಎತ್ತರ ಮೀರಿ ಏನನ್ನೂ ಇಡಲಿಲ್ಲ, ಹಿಂದಿನ ಗಾಜಿನಲ್ಲಿ ರಸ್ತೆ ಕಾಣಲೇಬೇಕು. ಸ್ಟೆಪ್ನಿಗೆ ಮಾತ್ರ ಲಗೇಜ್ ತುಂಬುವ ಮೊದಲೇ ಗಾಳಿ ಹಾಕಿಸಿದ್ದೆ. ಆಮೇಲೆ ಅದು ಬ್ಯಾಗುಗಳ ಅಡಿ ಸೇರಿಬಿಡುತ್ತದೆ. ಡ್ರೈವರ್ ಬಾಗಿಲು ತೆರೆದರೆ ಒಳಗೆ ಒಂದು ಸ್ಟಿಕ್ಕರ್ ಕಾಣುತ್ತದೆ ಅಲ್ವಾ, ನನ್ನ ಕಾರಿನದರಲ್ಲಿ ಪೂರ್ತಿ ಲೋಡಿಗೆ ಬೇರೆ ಅಳತೆ ಕೊಟ್ಟಿದ್ದಾರೆ. ಉಳಿದ ನಾಲ್ಕು ಟೈರಿಗೆ ಅದನ್ನೇ ಹಾಕಿಸಿದೆ. ಟೈರು ತಣ್ಣಗಿರುವಾಗ ನೋಡಿದರೇ ಸರಿಯಾದ ಲೆಕ್ಕ ಸಿಗುವುದು, ಅದಕ್ಕೇ ಮನೆ ಪಕ್ಕದ ಬಂಕ್.

ಫಾಸ್ಟ್‌ಟ್ಯಾಗಿಗೆ ದುಡ್ಡು ಹಾಕಿದ್ದಾಯಿತು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಹಾಗಾಗಿ ಒಂದು ನಂಬರನ್ನು ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡಿದ್ದೆ.

ಬೆಳಗಿನ ಜಾವ ನಾಲ್ಕೂವರೆಗೆ ಗ್ಯಾಸ್, ಮೋಟರ್ ಸ್ವಿಚ್ ಇನ್ನೊಮ್ಮೆ ನೋಡಿ ಬೀಗ ಹಾಕಿದೆವು. ಬೀಗದ ಕೈ, ತುಳಸಿಗೆ ನೀರು ಹಾಕುವ ಕೆಲಸ ಎರಡೂ ಪಕ್ಕದ ಮನೆ ಆಂಟಿಗೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟವರು ನಮ್ಮ ಅತ್ತೆ. ಅದಾದ ಮೇಲೆ ನನ್ನ ಮನಸ್ಸಿಗೂ ಧೈರ್ಯ ಬಂತು.

ಆ ಹೊತ್ತಿಗೆ ಹೊರಟರೆ ಹೆಬ್ಬಾಳದ ಟ್ರಾಫಿಕ್ ಕಾಟವಿಲ್ಲ. ಬಾಗೇಪಲ್ಲಿ ಬರುವಷ್ಟರಲ್ಲಿ ಬೆಳಕಾಯಿತು. ಪೆನುಕೊಂಡದ ಹತ್ತಿರ ಚಪಾತಿ, ಚಟ್ನಿಪುಡಿ ಬಿಚ್ಚಿದೆವು. 1565ರಲ್ಲಿ ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ಬಂದು ನೆಲೆಸಿದ್ದು ಇಲ್ಲೇ. ಮಕ್ಕಳಿಗೆ ಬೆಟ್ಟ ತೋರಿಸಿ ಅದನ್ನು ಹೇಳಿದೆ. ಕರ್ನೂಲಿನಲ್ಲಿ ತುಂಗಭದ್ರೆ, ಮುಂದೆ ಬೀಚುಪಲ್ಲಿಯಲ್ಲಿ ಕೃಷ್ಣೆ. ನಮ್ಮೂರ ಕಡೆಯಿಂದ ಹರಿದು ಬಂದ ಎರಡೂ ನದಿಗಳನ್ನು ಒಂದೇ ದಿನ ದಾಟುವುದು ನನಗೆ ತುಂಬ ಇಷ್ಟವಾಯಿತು. ನಾನು, ನನ್ನ ಹೆಂಡತಿ ಸುಮಾರು ಎರಡು ಗಂಟೆಗೊಮ್ಮೆ ಸ್ಟೇರಿಂಗ್ ಬದಲಿಸಿದೆವು. ಆಯಾಸ ಆಗುವವರೆಗೂ ಕಾಯಲಿಲ್ಲ.

ಹೈದರಾಬಾದ್ ಊರೊಳಗೆ ಹೋಗಲೇ ಇಲ್ಲ. ಶಂಷಾಬಾದಿನಲ್ಲಿ ಹೊರವರ್ತುಲ ರಸ್ತೆ ಹತ್ತಿ, ಉತ್ತರಕ್ಕೆ ಮೇಡ್ಚಲ್‌ನಲ್ಲಿ ಇಳಿದು, ಅಲ್ಲೇ ರೂಮ್ ಮಾಡಿದೆವು. ಇನ್ನೂ ಬೆಳಕಿತ್ತು. ಆದಿಲಾಬಾದ್‌ವರೆಗೆ ಹೋಗಬಹುದಿತ್ತು ಅನ್ನಿಸಿದರೂ ಹೋಗಲಿಲ್ಲ. ಮಾರನೇ ದಿನ ಊರಿನ ಟ್ರಾಫಿಕ್ ಹಿಂದೆಯೇ ಉಳಿದಿತ್ತು, ನೇರ ನಾಗ್ಪುರಕ್ಕೆ ಓಡಿಸಿದೆವು. ಆ ರಾತ್ರಿ ಅಲ್ಲಿ ಮಲಗಿದ್ದರಿಂದ ಪೆಂಚ್ ಕಾಡಿನ ರಸ್ತೆಯನ್ನು ಹಗಲಲ್ಲೇ ದಾಟಿದೆವು. ಹುಲಿ, ಜಿಂಕೆಗಳು ಅಡಿಯಲ್ಲಿ ಓಡಾಡಲಿ ಅಂತ ಅಲ್ಲಿ ಹೆದ್ದಾರಿಯನ್ನೇ ಎತ್ತರಿಸಿ ಕಟ್ಟಿದ್ದಾರೆ.