ಟ್ರೇಲರ್ ನಮ್ಮದು, ಹಾರ್ಸ್ ಬಾಡಿಗೆಯದು: ಜಾತ್ರೆ ಸಾಗಾಟದ ನಮ್ಮ ಲೆಕ್ಕ

ಜಾತ್ರೆಯ ಆಟಗಳನ್ನು ಊರೂರಿಗೆ ಸಾಗಿಸಲು ಟ್ರೇಲರ್ ಮಾತ್ರ ಕೊಂಡು ಮೈದಾನದಲ್ಲೇ ನಿಲ್ಲಿಸಿಕೊಳ್ಳುತ್ತೇವೆ, ಊರು ಬದಲಿಸುವ ದಿನ ಹಾರ್ಸ್ (ಟ್ರೇಲರ್ ಎಳೆಯುವ ಎಂಜಿನ್ ಗಾಡಿ) ಬಾಡಿಗೆಗೆ ಕರೆಸುತ್ತೇವೆ ಎಂದಾಗ ಜಾತ್ರೆ ಮಾಡುವ ಹಳಬರು ಯಾರೂ ಒಪ್ಪಲಿಲ್ಲ. “ಬಂಡಿ ನಿಮ್ಮದು, ಎತ್ತು ಮಂದೀದು. ಹೊತ್ತಿಗೆ ಎತ್ತು ಸಿಗದಿದ್ರ ಏನ್ ಮಾಡ್ತೀರಿ?” ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಮೊದಲ ಸೀಸನ್ನಿನಲ್ಲಿ ಎರಡು ಸಲ ಎತ್ತು ಸಿಗಲೂ ಇಲ್ಲ. ಆದರೆ ಆಮೇಲಿನ ಎರಡು ಸೀಸನ್ನುಗಳಲ್ಲಿ ಒಂದೇ ಒಂದು ಜಾತ್ರೆಗೂ ನಮ್ಮ ಜಾಯಿಂಟ್ ವೀಲ್ ತಡವಾಗಿ ತಿರುಗಿಲ್ಲ.

ಮೊದಲಿನ ಲೆಕ್ಕ ಹೀಗಿತ್ತು. ಜಾಯಿಂಟ್ ವೀಲ್, ಕೊಲಂಬಸ್ (ತೂಗುವ ಹಡಗು), ಮಕ್ಕಳ ರೈಲು, ಜನರೇಟರು ಸೇರಿ ನಾಲ್ಕು ಟೆನ್ ವೀಲ್ ಲಾರಿ. ಇನ್ನೂರು ಕಿಲೋಮೀಟರಿನ ಆಸುಪಾಸಿಗೆ ಲಾರಿಗೆ ಸುಮಾರು 20,000. ಬಾಡಿಗೆಗಿಂತ ಹೊಟ್ಟೆ ಉರಿಸುತ್ತಿದ್ದದ್ದು ಹಾಲ್ಟಿಂಗ್. ಈ ಕಡೆ ಬಿಚ್ಚುವುದು ಮುಗಿದಿರುವುದಿಲ್ಲ, ಆ ಕಡೆ ಜಾಗದ ಹರಾಜು ಮುಗಿದಿರುವುದಿಲ್ಲ, ಹೈಡ್ರಾ ಕ್ರೇನು ಬೇರೆಯವರ ಕೆಲಸಕ್ಕೆ ಹೋಗಿರುತ್ತದೆ; ಲಾರಿ ಮಾತ್ರ ನಿಂತೇ ಇರುತ್ತದೆ, ದಿನಕ್ಕೆ 2,500. ಎಲ್ಲ ಸೇರಿ ಒಂದು ಸಾಗಾಟಕ್ಕೆ ಲಕ್ಷದ ಹತ್ತಿರ. ಈಗ ಎರಡು ಹಾರ್ಸಿಗೆ ತಲಾ 19,000, ಜನರೇಟರಿಗೂ ಉಳಿದ ಸಾಮಾನಿಗೂ ಒಂದು ಟೆನ್ ವೀಲ್. 60,000 ದಾಟುವುದು ಕಡಿಮೆ. ವರ್ಷಕ್ಕೆ ಏಳು ಸಾಗಾಟ ಹಿಡಿದರೆ 2,80,000 ಉಳಿತಾಯ, ಅದರಲ್ಲಿ ಟ್ಯಾಕ್ಸು, ಇನ್ಶೂರೆನ್ಸು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು), ಟೈರಿಗೆಂದು 60,000 ತೆಗೆಯಿರಿ. ನಲವತ್ತು ಅಡಿಯ ಎರಡು ಹಳೇ ಟ್ರೇಲರಿಗೆ ರಿಪೇರಿ ಸೇರಿ ಹತ್ತೂವರೆ ಲಕ್ಷ ಬಿದ್ದಿದೆ. ಐದನೇ ಸೀಸನ್ನಿಗೆ ಹಾಕಿದ ದುಡ್ಡು ಕೈಗೆ ಬರುತ್ತದೆ.

ಹಳೇ ಟ್ರೇಲರ್ ನೋಡುವಾಗ ಎಲ್ಲರೂ ಟೈರ್ ನೋಡುತ್ತಾರೆ. ಮೊದಲು ನೋಡಬೇಕಾದದ್ದು ಕಿಂಗ್ ಪಿನ್, ಟ್ರೇಲರಿನ ಮೂತಿಯ ಕೆಳಗಿದ್ದು ಹಾರ್ಸಿನ ಪ್ಲೇಟಿನಲ್ಲಿ ಲಾಕ್ ಆಗುವ ಗೂಟ. ಎರಡು ಇಂಚಿನದು, ಮೂರೂವರೆ ಇಂಚಿನದು, ಎರಡೂ ಓಡಾಡುತ್ತಿವೆ. ನಮ್ಮದು ಎರಡು ಇಂಚು. ಕೇಳದೆ ಕರೆಸಿದ ಒಂದು ಹಾರ್ಸ್ ನೂರು ಕಿಲೋಮೀಟರ್ ಬಂದಿತ್ತು, ಪ್ಲೇಟು ಮೂರೂವರೆಯದು. ಬಂದ ದಾರಿಯ ಡೀಸೆಲ್, ಬತ್ತೆ ಎಂದು ಏಳು ಸಾವಿರ ಕೊಟ್ಟು ಕಳಿಸಬೇಕಾಯಿತು. ಈಗ ಮಾತು ಮುಗಿಯುವ ಮೊದಲೇ ಪ್ಲೇಟಿನ ಫೋಟೋ, ನೆಲದಿಂದ ಪ್ಲೇಟಿನ ಎತ್ತರ ಎರಡನ್ನೂ ತರಿಸಿಕೊಳ್ಳುತ್ತೇವೆ.

ಟ್ರೇಲರ್ ಬಿಟ್ಟು ಹಾರ್ಸ್ ಹೊರಟುಹೋದ ಮೇಲೆ ಮುಂಭಾಗದ ಭಾರವೆಲ್ಲ ಎರಡು ಲೆಗ್ಗಿನ (ಇಳಿಸಿ ನಿಲ್ಲಿಸುವ ಕಾಲಿನ) ಮೇಲೆ. ನಮ್ಮ ಕಡೆಯ ಎರೆ ನೆಲದಲ್ಲಿ ಇದೇ ದೊಡ್ಡ ಗಂಡಾಂತರ. ಒಣಗಿದಾಗ ಕಲ್ಲಿನಂತೆ ಕಾಣುತ್ತದೆ. ಒಂದು ಅಕಾಲ ಮಳೆ ಬಿದ್ದರೆ ಲೆಗ್ಗು ಒಂದಡಿ ಇಳಿದು ಕೂರುತ್ತದೆ, ಪಿನ್ನು ಪ್ಲೇಟಿಗಿಂತ ಕೆಳಗೆ ಹೋಗುತ್ತದೆ, ಎತ್ತಲು ಹೈಡ್ರಾ ಬೇಕು. ಕಲ್ಲು ಕೊಟ್ಟು ನೋಡಿದೆವು, ಕಲ್ಲೂ ಸೇರಿ ಹೂತಿತು. ಎರಡಡಿ ಚೌಕದ 12 ಎಂಎಂ ಪ್ಲೇಟು, ಅದರ ಕೆಳಗೆ ಹಳೇ ಸ್ಲೀಪರ್ ಕಟ್ಟಿಗೆಯ ಮೂರು ತುಂಡು, ಅದರ ಕೆಳಗೆ ಅರ್ಧ ಅಡಿ ಗರಸು: ಇಷ್ಟು ಮಾಡಿದ ಮೇಲೆ ಇಳಿದಿಲ್ಲ. ಗರಸನ್ನು ಒದ್ದೆ ಮಾಡಿ ಬಡಿಯಬೇಕು, ಸುಮ್ಮನೆ ಸುರಿದರೆ ಪ್ರಯೋಜನವಿಲ್ಲ.

ಇನ್ನೊಂದು ಅಪಾಯ ಬ್ರೇಕಿನದು. ಗಾಳಿ ಪೈಪು ಕಳಚಿದ ಕೂಡಲೇ ಟ್ರೇಲರಿನ ಟ್ಯಾಂಕಿನ ಗಾಳಿಯಿಂದ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಗಾಳಿ ಹೋದರೂ ಹಿಡಿದಿರುವ ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೇ ಟ್ರೇಲರಿನಲ್ಲಿ ಆ ಗಾಳಿ ಸೋರಿ ಸೋರಿ ಕೆಲವು ತಾಸಿಗೆ ಬ್ರೇಕ್ ಬಿಟ್ಟುಕೊಳ್ಳುತ್ತದೆ. ಸಂಜೆ ಗಟ್ಟಿ ನಿಂತದ್ದು ಬೆಳಗಿನ ಜಾವ ಉರುಳಬಹುದು, ಅದೂ ಜನ ಮಲಗಿರುವ ಮೈದಾನದಲ್ಲಿ. ತೇರಿನ ಗಾಲಿಗೆ ಅಡ್ಡ ಸನ್ನೆ ಕೊಡುತ್ತಾರಲ್ಲ, ಹಾಗೆ ಜಾಲಿ ಕಟ್ಟಿಗೆಯ ನಾಲ್ಕು ಸನ್ನೆ ಮಾಡಿಸಿದ್ದೇವೆ, ಗಾಲಿಯ ಮುಂದೆ ಎರಡು, ಹಿಂದೆ ಎರಡು. ಹಾರ್ಸ್ ಕಳಚುವ ಮೊದಲೇ ಸನ್ನೆ ಬೀಳಬೇಕು. ಕಟ್ಟುವಾಗ ಅದು ಕೊನೆಗೆ ಹೊರಬರಬೇಕು.

ಕಟ್ಟುವ ಹೊತ್ತಿಗೆ ಡ್ರೈವರಿನ ಮಾತು ನಂಬಿ ಬಿಡಬೇಡಿ. ಟ್ರೇಲರಿನ ಮೂತಿ ಪ್ಲೇಟಿಗಿಂತ ಒಂದು ಚೂರು ಕೆಳಗಿರಬೇಕು, ಹಾರ್ಸ್ ಹಿಂದೆ ಬಂದಾಗ ಅದನ್ನು ತಾನೇ ಎತ್ತಿಕೊಳ್ಳುವಷ್ಟು. ಎತ್ತರವಾಗಿದ್ದರೆ ಪಿನ್ನು ಪ್ಲೇಟಿನ ಲಾಕ್ ದವಡೆಗೆ ಸಿಗದೆ ಮೇಲಿಂದಲೇ ದಾಟಿ ಕ್ಯಾಬಿನ್ನಿನ ಬೆನ್ನಿಗೆ ಹೊಡೆಯುತ್ತದೆ. ಲಾಕ್ ಬಿದ್ದ ಸದ್ದು ಕೇಳಿದರೆ ಸಾಲದು. ಬ್ಯಾಟರಿ ಹಿಡಿದು ಕೆಳಗೆ ಬಗ್ಗಿ, ದವಡೆ ಪಿನ್ನನ್ನು ಸುತ್ತಿ ಹಿಡಿದಿದೆಯೇ ಎಂದು ಕಣ್ಣಾರೆ ನೋಡಿ, ಸನ್ನೆ ತೆಗೆಯದೆ ಒಂದು ಸಲ ಮುಂದಕ್ಕೆ ಎಳೆಸಿ. ಆಮೇಲೆ ಕೆಂಪು ಪೈಪು, ಹಳದಿ ಪೈಪು, ಲೈಟಿನ ಪ್ಲಗ್ಗು, ಆಮೇಲೆ ಲೆಗ್ಗು ಮೇಲೆ, ಕೊನೆಗೆ ಸನ್ನೆ ಹೊರಗೆ. ತಿಂಗಳುಗಟ್ಟಲೆ ನಿಂತ ಟ್ರೇಲರಿನಲ್ಲಿ ಬ್ರೇಕ್ ಶೂ ತುಕ್ಕಿಗೆ ಡ್ರಮ್ಮಿಗೇ ಅಂಟಿರುತ್ತದೆ. ಗಾಲಿ ತಿರುಗದೆ ಎಳೆದುಕೊಂಡು ಹೋದರೆ ಹತ್ತು ಹೆಜ್ಜೆಗೆ ಟೈರ್ ಹೋಯಿತು. ಹೊರಡುವ ಹಿಂದಿನ ದಿನವೇ ಡ್ರಮ್ಮಿಗೆ ಸುತ್ತಿಗೆಯಿಂದ ಬಡಿದು ಸಡಿಲಿಸಿಡುತ್ತೇವೆ. ಪೈಪಿನ ಬಾಯಿಗೆ ಬಟ್ಟೆ ಕಟ್ಟದಿದ್ದರೆ ಜಾತ್ರೆಯ ಧೂಳೆಲ್ಲ ವಾಲ್ವಿಗೆ.

ಹಾರ್ಸ್ ಎಲ್ಲಿ ಸಿಗುತ್ತದೆ? ತೋರಣಗಲ್ಲು, ಕೊಪ್ಪಳದ ಗಿಣಿಗೇರಿ ಕಡೆ ಉಕ್ಕು ಸಾಗಿಸುವ ಟ್ರೇಲರುಗಳು ದಂಡಿಯಾಗಿವೆ. ಟ್ರೇಲರ್ ವೆಲ್ಡಿಂಗಿಗೋ ಎಫ್‌ಸಿಗೋ ಹೋದಾಗ ಹಾರ್ಸ್ ನಾಲ್ಕು ದಿನ ಖಾಲಿ ನಿಂತು ಮಾಲೀಕನಿಗೆ ಕಂತಿನ ಚಿಂತೆ ಹತ್ತಿರುತ್ತದೆ. ನಮಗೆ ಬೇಕಾದದ್ದು ಆ ನಾಲ್ಕು ದಿನ. ಯಾವ ಹಾರ್ಸ್ ಯಾವಾಗ ಖಾಲಿ ಎಂದು ಹದಿನೈದು ದಿನ ಮುಂಚೆಯೇ ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಇಲ್ಲಿ ಬಿಚ್ಚಿಡಲಾರೆವು, ನಮ್ಮ ಹೊಟ್ಟೆಪಾಡು ಅದರ ಮೇಲಿದೆ. ಒಂದಕ್ಕೆ ಎರಡು ಹಾರ್ಸ್ ಮಾತಾಡಿಟ್ಟು, ಎರಡನೆಯದಕ್ಕೆ ಬರದಿದ್ದರೂ ಎರಡು ಸಾವಿರ ಕೊಡುತ್ತೇವೆ ಎಂಬುದನ್ನು ಮಾತ್ರ ಹೇಳಬಹುದು. ಆ ಎರಡು ಸಾವಿರ ದಂಡವಲ್ಲ.

ಬುಕ್ ಮಾಡುವ ಮೊದಲು ಪಂಚಾಂಗ ನೋಡಬೇಕು. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ, ಅದು ಅಲ್ಲಾಡುವುದಿಲ್ಲ. ಬಾದಾಮಿ ಬನಶಂಕರಿ ಬನದ ಹುಣ್ಣಿಮೆಗೆ, ಕೊಪ್ಪಳದ ಗವಿಮಠದ ತೇರು ಅದರ ಬೆನ್ನಿಗೇ. ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ ಬಂತು. ವಿಜಯಪುರ ಮೊದಲು, ಆಮೇಲೆ ದಕ್ಷಿಣಕ್ಕೆ. 2025ರಲ್ಲಿ 13ಕ್ಕೆ ಬಂದು ಮೂರೂ ಒಂದರ ಮೇಲೊಂದು ಬಿದ್ದವು, ಆ ವಾರ ಬಾಡಿಗೆ ಕೇಳುವಂತಿರಲಿಲ್ಲ. 2026ರಲ್ಲಿ 3ಕ್ಕೇ ಬಂದು ದಾರಿ ತಿರುವುಮುರುವು. ಹೋಳಿ ಹೊತ್ತಿಗೆ ಡ್ರೈವರುಗಳು ಊರಿಗೆ ಹೋಗುತ್ತಾರೆ, ಹೋಳಿ ಮುಗಿದ ಬೆನ್ನಿಗೇ ಕಲಬುರಗಿ ಶರಣಬಸವೇಶ್ವರ ಜಾತ್ರೆ. ಆ ಒಂದು ಸಾಗಾಟಕ್ಕೆ ಮಾತ್ರ ಹಬ್ಬಕ್ಕೆ ಮುಂಚೆಯೇ ಅರ್ಧ ಬಾಡಿಗೆ ಕೊಟ್ಟು ಡ್ರೈವರಿನ ಹೆಸರು ಸಹಿತ ಗಟ್ಟಿ ಮಾಡಿಕೊಳ್ಳುತ್ತೇವೆ.

ನಡುವೆ ಟ್ರ್ಯಾಕ್ಟರನ್ನೂ ಪ್ರಯತ್ನಿಸಿದೆವು. ಬಾದಾಮಿಯಿಂದ ಕೊಪ್ಪಳ ನೂರು ಕಿಲೋಮೀಟರಿನ ಆಸುಪಾಸು, ಕೊಲಂಬಸ್ಸಿಗೆ ಎರಡು ಟ್ರಾಲಿ ಸಾಕು ಎನಿಸಿತ್ತು. ಮೊದಲನೆಯದಾಗಿ ಕಬ್ಬಿನ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಖಾಲಿ ಟ್ರ್ಯಾಕ್ಟರ್ ಸಿಗುವುದೇ ಕಷ್ಟ. ಸಿಕ್ಕರೂ ಟ್ರಾಲಿಗೆ ಸ್ವಂತ ಬ್ರೇಕಿಲ್ಲ, ಗಜೇಂದ್ರಗಡದ ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನದನ್ನು ನೂಕುತ್ತದೆ. ರೈತಕಿಗೆಂದು ರಿಜಿಸ್ಟರ್ ಆದ ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸಿದರೆ ಕೇಸು ಬೇರೆ. ಒಂದೇ ಸಲಕ್ಕೆ ಬಿಟ್ಟೆವು.

ಕಾಗದದಲ್ಲಿ ಎಲ್ಲರೂ ಎಡವುವ ಜಾಗ ಇ-ವೇ ಬಿಲ್, ಅಂದರೆ ಸಾಮಾನು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ. ಮಾರಾಟವಲ್ಲ, ನಮ್ಮದೇ ಸಾಮಾನು ಎಂದರೂ ಬೆಲೆ 50,000 ದಾಟಿದರೆ ಬೇಕು. ಡೆಲಿವರಿ ಚಲನ್ ಮೇಲೆ ಮಾಡಬೇಕು. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಅದರಲ್ಲಿ ನಾವು ಹಾಕುವುದು ಹಾರ್ಸಿನ ನಂಬರು. ಮಾತಾಡಿದ ಹಾರ್ಸ್ ಬಿಟ್ಟು ಬೇರೆಯದು ಬಂದರೆ ಗಾಡಿ ನಂಬರು ಇರುವ ಪಾರ್ಟ್ ಬಿ ಬದಲಿಸದೆ ಗೇಟು ದಾಟಿಸಬೇಡಿ. ಹಾರ್ಸಿನ ಕಾಗದ ಬೇರೆ, ಟ್ರೇಲರಿನ ಕಾಗದ ಬೇರೆ, ಎರಡರ ಇನ್ಶೂರೆನ್ಸೂ ಚಾಲ್ತಿಯಲ್ಲಿರಬೇಕು. ಹುಡುಗರನ್ನು ಲೋಡಿನ ಮೇಲೆ ಕೂರಿಸುವ ಹಳೇ ರೂಢಿ ಬಿಟ್ಟಿದ್ದೇವೆ. ಹದಿನಾಲ್ಕು ಜನಕ್ಕೆ ಒಂದು ಟೆಂಪೋ, ಆರು ಸಾವಿರ. ಜೀವದ ಮಾತು ಇದು, ಇದರಲ್ಲಿ ಉಳಿಸಬಾರದು.

ಲೋಡಿನ ಎತ್ತರ ನೆಲದಿಂದ ಹನ್ನೆರಡೂವರೆ ಅಡಿ ಮೀರದಂತೆ ಕಟ್ಟುತ್ತೇವೆ. ಹೆದ್ದಾರಿಯಲ್ಲಿ ತೊಂದರೆಯಿಲ್ಲ, ತೊಂದರೆ ಊರ ಬಾಗಿಲಿನಲ್ಲಿ: ಸ್ವಾಗತ ಕಮಾನು, ಜಾತ್ರೆಗೆಂದು ಹೊಸದಾಗಿ ಕಟ್ಟಿದ ಬ್ಯಾನರು, ಜೋತ ಕೇಬಲ್ಲು. ಬೈಕಿನಲ್ಲಿ ಒಬ್ಬ ಅಳತೆ ಕೋಲು ಹಿಡಿದು ಮುಂಚೆ ಹೋಗಿ ಬರುತ್ತಾನೆ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ಪೇಟೆಯೊಳಗೆ ನಲವತ್ತು ಅಡಿ ತಿರುಗುವುದಿಲ್ಲ. ಊರ ಹೊರಗೆ ಟ್ರೇಲರ್ ನಿಲ್ಲಿಸಿ ಟೆನ್ ವೀಲ್‌ನಲ್ಲಿ ಐದಾರು ಸುತ್ತು ಹೊಡೆಯಬೇಕು, ಅದಕ್ಕೆ ಒಂದು ದಿನ ಬೇರೆ ಇಟ್ಟುಕೊಳ್ಳಿ. ಬೇಸಿನ ಬೀಮು, ಟವರು ಒಂದನೇ ಟ್ರೇಲರಿನಲ್ಲಿ, ತೊಟ್ಟಿಲು ಎರಡನೆಯದರಲ್ಲಿ. ಒಂದನೆಯದು ನಾಲ್ಕು ತಾಸು ಮುಂಚೆ ತಲುಪಿದರೆ ಹೈಡ್ರಾ ಸುಮ್ಮನೆ ನಿಲ್ಲುವುದಿಲ್ಲ. ತೊಟ್ಟಿಲುಗಳ ನಡುವೆ ಹಳೇ ಟೈರಿನ ಪಟ್ಟಿ ಕೊಡಿ, ಬಣ್ಣ ಉಳಿಯುತ್ತದೆ.

ಡ್ರೈವರಿನ ನಿದ್ದೆ ನಮ್ಮ ಜವಾಬ್ದಾರಿ ಎಂದು ಒಪ್ಪಿಕೊಂಡ ದಿನದಿಂದ ಅರ್ಧ ತಾಪತ್ರಯ ಕಡಿಮೆಯಾಯಿತು. ಮೈದಾನದಲ್ಲಿ ರಾತ್ರಿ ಒಂದರವರೆಗೆ ಮೈಕು, ಆಮೇಲೆ ಬಿಚ್ಚುವ ಕಬ್ಬಿಣದ ಸದ್ದು. ಅಲ್ಲಿ ಕ್ಯಾಬಿನ್ನಿನಲ್ಲಿ ಮಲಗಿ ಬೆಳಗ್ಗೆ ಓಡಿಸು ಎಂದರೆ ಆಗುವುದಿಲ್ಲ. ಹಾರ್ಸನ್ನು ಎರಡು ಕಿಲೋಮೀಟರ್ ಆಚೆಯ ಬಂಕಿನಲ್ಲೋ ಢಾಬಾದಲ್ಲೋ ಹಿಂದಿನ ಸಂಜೆಯೇ ನಿಲ್ಲಿಸಿ, ಊಟ ನಮ್ಮದು ಎಂದು ಹೇಳಿ, ಲೋಡು ಪೂರಾ ಬಿಗಿದ ಮೇಲೆಯೇ ಫೋನ್ ಮಾಡುತ್ತೇವೆ. ಹಗ್ಗ, ತಾಡಪತ್ರಿ ಹಿಡಿಯಲು ಅವನನ್ನು ಕರೆಯುವುದಿಲ್ಲ. ಕಬ್ಬಿನ ಕಾಲದಲ್ಲಿ ರಾತ್ರಿ ಓಡಿಸುವುದೇ ಇಲ್ಲ, ಹಿಂದೆ ಕೆಂಪು ದೀಪವಿಲ್ಲದ ಜೋಡಿ ಟ್ರಾಲಿ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಬೆಳಗ್ಗೆ ಐದೂವರೆಗೆ ಹೊರಟು, ಐದು ತಾಸಿನೊಳಗೆ ಒಂದು ಸಲ ಅರ್ಧ ತಾಸು ನಿಲ್ಲಿಸಿ, ಮಧ್ಯಾಹ್ನದ ಊಟ ಹೊಸ ಊರಿನಲ್ಲಿ. ಬಾಡಿಗೆಯ ಅರ್ಧ ಹೊರಡುವಾಗ, ಉಳಿದದ್ದು ಲೆಗ್ಗು ಇಳಿದು ಸನ್ನೆ ಬಿದ್ದ ಮೇಲೆ, ಅಲ್ಲೇ ನಿಂತು, ಪೂರ್ತಿ.