ಚದುರಂಗದ ಕಾಳಿನ ಲೆಕ್ಕ, ನಡುವೆ ಒಂದು ಸೊನ್ನೆ

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಈ ಕಥೆ ನಿಮಗೂ ಗೊತ್ತಿರುತ್ತೆ. 64 ಮನೆ ತುಂಬುವ ಹೊತ್ತಿಗೆ ಒಟ್ಟು ಕಾಳು 18446744073709551615. ಅಂದರೆ 2ರ 64ನೇ ಘಾತಕ್ಕೆ ಒಂದು ಕಮ್ಮಿ.

"ಅಪ್ಪಾ, ಇದು ಯಾವ ಯಾವುದರಿಂದ ಭಾಗ ಹೋಗುತ್ತೆ?" ಅಂತ ಮಗಳು ಕೇಳಿದಳು. ಕೊನೆಯಲ್ಲಿ 5 ಇದೆ, ಐದರಿಂದ ಹೋಗುತ್ತೆ ಅಂದೆ. ಆಮೇಲೆ? ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಅದು 15 ಅಂಕಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಸೊನ್ನೆ ಮಾಡಿತು. ಸರಿ, ಪೆನ್ನು ಪೇಪರ್ ತಗೊಂಡೆ.

ಹೈಸ್ಕೂಲಿನ 'ಎ ವರ್ಗ ಮೈನಸ್ ಬಿ ವರ್ಗ' ಸೂತ್ರ ನೆನಪಿದೆ ಅಲ್ವಾ? ಅದನ್ನು ಹಾಕಿದರೆ 4294967295 × 4294967297 ಆಗುತ್ತೆ. ಮೊದಲನೆಯದು ಅದೇ ಸೂತ್ರಕ್ಕೆ ಮತ್ತೆ ಒಡೆಯುತ್ತೆ: 65535 × 65537. 65535 ಅಂದರೆ 255 × 257. 255 ಅಂದರೆ 15 × 17. ಹೀಗೆ 3, 5, 17, 257, 65537 ಸಲೀಸಾಗಿ ಸಿಕ್ಕವು. ಈ ಐದನ್ನೂ ಗುಣಿಸಿದಷ್ಟು ಬಾಹುಗಳ ನಿಯಮಿತ ಬಹುಭುಜವನ್ನು ಬರೀ ಸ್ಕೇಲು, ಕೈವಾರದಿಂದ ಎಳೆಯಬಹುದು. ಪುರುಸೊತ್ತಿದ್ದವರು ನೋಡಿ!

ಸಿಕ್ಕಿಹಾಕಿಕೊಂಡದ್ದು 4294967297ರಲ್ಲಿ. ಇದು ಅವಿಭಾಜ್ಯ ಅಂತ 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದ. ಅವನ ಉಪಾಯ ಚೆಂದ: ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 64ರ ಗುಣಕಕ್ಕೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಹಾಗಾಗಿ ನೂರಾರು ಸಂಖ್ಯೆ ನೋಡುವ ಕೆಲಸವಿಲ್ಲ. 193 ಹಾಕಿದೆ, ಶೇಷ 109. 257ಕ್ಕೆ 2. 449ಕ್ಕೆ 325. 577ಕ್ಕೆ 288. ಐದನೆಯದು 641.

4294ರಲ್ಲಿ 641 ಆರು ಸಲ, ಉಳಿದದ್ದು 448. 9 ಇಳಿಸಿದರೆ 4489, ಏಳು ಸಲ, ಉಳಿದದ್ದು 2. 6 ಇಳಿಸಿದರೆ 26, ಹೋಗಲ್ಲ, ಸೊನ್ನೆ. 7 ಇಳಿಸಿದರೆ 267, ಅದೂ ಹೋಗಲ್ಲ. ಇಲ್ಲೇ ನಾನು ಎಡವಿದ್ದು. ಎರಡನೇ ಸೊನ್ನೆ ಬರೆಯಲೇ ಇಲ್ಲ. ಕೊನೆಗೆ ಶೇಷವೇನೋ ಉಳಿಯಲಿಲ್ಲ, ಕುಣಿಯುವುದೊಂದು ಬಾಕಿ. ತಾಳೆ ನೋಡೋಣ ಅಂತ 670417ನ್ನು 641ರಿಂದ ಗುಣಿಸಿದೆ. 429737297 ಬಂತು. ಹತ್ತು ಅಂಕಿ ಬರಬೇಕಾದಲ್ಲಿ ಒಂಬತ್ತೇ! ಅರ್ಧ ಗಂಟೆ ಗುಣಾಕಾರವನ್ನೇ ಬೈದುಕೊಂಡು ತಿದ್ದುತ್ತಾ ಕೂತೆ. ಸೊನ್ನೆ ಕಾಣೆಯಾದದ್ದನ್ನು ಹಿಡಿದವಳು ಮಗಳು. ಸರಿಯಾದ ಉತ್ತರ 6700417.

ಇದು ಇನ್ನೂ ಒಡೆಯುತ್ತಾ? ಇದರ ವರ್ಗಮೂಲ 2588ರ ಆಸುಪಾಸು, ಅಲ್ಲಿಯವರೆಗೆ ನೋಡಿದರೆ ಸಾಕು. ಆಯ್ಲರ್ ನಂತರ ಗಣಿತಜ್ಞ ಲ್ಯೂಕಾಸ್ ಇನ್ನೊಂದು ಮೆಟ್ಟಿಲು ಹತ್ತಿದ್ದ: 64ರ ಬದಲು 128ರ ಗುಣಕಕ್ಕೆ ಒಂದು ಕೂಡಿಸಿದವನ್ನಷ್ಟೇ ನೋಡಿದರೆ ಸಾಕು ಅಂತ. ಆಗ ಉಳಿಯುವ ಅವಿಭಾಜ್ಯಗಳು ಐದೇ. 257 ಆಗಲೇ ಹೊರಗೆ. 641, 769, 1153, 1409 ಇವುಗಳಿಂದ ಭಾಗಿಸಿದರೆ ಶೇಷ 44, 120, 334, 622. ಒಂದೂ ಸೊನ್ನೆಯಿಲ್ಲ, ಅಂದರೆ ಇದು ಅವಿಭಾಜ್ಯವೇ.

ಒಟ್ಟು ಏಳು ಅವಿಭಾಜ್ಯಗಳು, ಒಂದೊಂದೂ ಒಂದೇ ಸಲ. ಪ್ರತಿಯೊಂದನ್ನೂ ತಗೊಳ್ಳಬಹುದು, ಬಿಡಬಹುದು. ಹಾಗಾಗಿ ಭಾಜಕಗಳು 128. ಮಗಳು ಚಿಕ್ಕದರಿಂದ ಶುರು ಮಾಡಿ ಪಟ್ಟಿ ಬರೆಯುತ್ತಿದ್ದಾಳೆ. ನಿನ್ನೆ ರಾತ್ರಿ 255ಕ್ಕೆ ನಿಂತಿತ್ತು.