ಕಾರ್ಡಿನಿಂದ ನಿಮಗೆ ತಿಳಿಯದೆ ಹಣ ಹೋದರೆ

ನೀವು ಮಾಡದ ಖರೀದಿಯ ಮೆಸೇಜು ಬಂದ ಕೂಡಲೇ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡ್ ಬ್ಲಾಕ್ ಮಾಡಿ. ಮೆಸೇಜಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಅದು ವಂಚಕರದ್ದೇ ಆಗಿರಬಹುದು. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರೇ ಸರಿ. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊತ್ತ, ಸಮಯ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ.

ಮಂಗಳೂರಿನಲ್ಲಿ ಖಾತೆ ಇರುವ ಕಾಸರಗೋಡು, ಮಂಜೇಶ್ವರದವರು ಶಾಖೆಗೆ ಹೋಗಿಯೇ ಹೇಳೋಣ ಎಂದು ಕಾಯುವುದುಂಟು. ಆ ತಡವೇ ದುಬಾರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಾಗ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನವಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ವ್ಯವಹಾರವೊಂದಕ್ಕೆ ಗರಿಷ್ಠ 10,000 ರೂಪಾಯಿ ನಿಮ್ಮ ತಲೆಗೆ. ದಿನ ಎಣಿಸುವುದು ನಿಮ್ಮ ಶಾಖೆಯ ರಜೆ ನೋಡಿ. ಶಾಖೆ ಮಂಗಳೂರಿನದ್ದಾದರೆ ನಮ್ಮ ಕೇರಳದ ಓಣಂ ರಜೆಯೂ ಕೆಲಸದ ದಿನವೆಂದೇ ಎಣಿಕೆಯಾಗುತ್ತದೆ.

ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಹಾಗಾಗಿ ದಯವಿಟ್ಟು ನಾಚಿಕೆಪಟ್ಟು ಸುಮ್ಮನಿರಬೇಡಿ. 30 ದಿನ ಕಳೆದರೂ ಬ್ಯಾಂಕ್ ಉತ್ತರಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ.